ಕೌನ್ಸೆಲರ್ ಮೇಡಂ ಉಳಿಸಿಕೊಟ್ಟ ಸಂಸಾರ

ಅವರ ಕೈಬೆರಳಿನ ಉಗುರುಗಳು ಮಾಂಸಕ್ಕೆ ಅಂಟಿದಷ್ಟು ಮೊಂಡಾಗಿದ್ದವು. ಎದುರು ಕೂತವರ ಉಗುರನ್ನೂ ಮೊದಲು ನೋಡುತ್ತಿದ್ದರು. ಉದ್ದವಿದ್ದರೆ ಡ್ರಾಯರಿನಿಂದ ನೇಲ್‌ಕಟರ್ ತೆಗೆದು ಕೈಗಿಡುತ್ತಿದ್ದರು. "ಪ್ಯಾಕೆಟ್ ಅರಿಯುವಾಗ ಉಗುರು ತಾಗಿದ್ರೆ ಕಾಂಡೋಮು ತೂತಾಯ್ತದೆ ಕಣಮ್ಮ."

ಮಂಡ್ಯದ ಆಸ್ಪತ್ರೆಯೊಂದರಲ್ಲಿ ಎಚ್‌ಐವಿ ಇರುವವರಿಗೆ ತಿಳಿವಳಿಕೆ ಹೇಳುವುದು ಅವರ ಕೆಲಸ. ಎಲ್ಲರಿಗೂ ಅವರು ಕೌನ್ಸೆಲರ್ ಮೇಡಂ. ನಮ್ಮದು ಮಳವಳ್ಳಿ. ಊರಿನ ಆಸ್ಪತ್ರೆಯಲ್ಲಿ ಗುರುತಿನವರು ಸಿಕ್ಕಾರೆಂದು ನಾನೂ ಯಜಮಾನರೂ ಬಸ್ಸು ಹತ್ತಿ ಮಂಡ್ಯಕ್ಕೇ ಹೋಗುತ್ತಿದ್ದೆವು. ಸೋಂಕು ಇದ್ದದ್ದು ಯಜಮಾನರಿಗೆ, ನನಗಲ್ಲ. ಎಲ್ಲಿಂದ ಬಂತೆಂದು ಒಂದೇ ಸಲ ಕೇಳಿದ್ದೆ. ಮದುವೆಗೆ ಮುಂಚಿನದು ಎಂದರು. ಮತ್ತೆ ಕೇಳಲಿಲ್ಲ.

ಮೊದಮೊದಲು ಆಸ್ಪತ್ರೆಯಲ್ಲಿ ಕೊಟ್ಟ ಕಾಂಡೋಮನ್ನೇ ಬಳಸಿದೆವು. ಯಜಮಾನರಿಗೆ ಅದು ಬಿಗಿ. ಒಮ್ಮೆ ಕೊಬ್ಬರಿ ಎಣ್ಣೆ ಸವರಿಕೊಂಡರು, ಹರಿದುಹೋಯಿತು. ಮರುದಿನವೇ ಮೇಡಂ ಹತ್ತಿರ ಓಡಿದೆ. ಸೋಂಕು ತಡೆಯಲೆಂದು ನನಗೆ ತಿಂಗಳು ಪೂರ್ತಿ ನುಂಗಲು ಮಾತ್ರೆ ಕೊಡಿಸಿದರು. ಹೇಗೆ ಹರಿಯಿತೆಂದು ಕೇಳಿದರೆ ನಾಚಿಕೆಯಿಂದ ಬಾಯಿ ಬಿಡಲಿಲ್ಲ. ಸೋಂಕು ತಗುಲಲಿಲ್ಲ, ಆದರೆ ಹೆದರಿದ ಯಜಮಾನರು ಚಾಪೆಯನ್ನು ನಡುಮನೆಗೆ ಎಳೆದುಕೊಂಡರು. ಅತ್ತೆಗೆ ಸೆಕೆಯ ನೆಪ ಹೇಳಿದರು. ಅತ್ತೆಗೆ ಯಾವುದೂ ಗೊತ್ತಿರಲಿಲ್ಲ. ಹಾಗೇ ಒಂದು ವರ್ಷ ಕಳೆಯಿತು. ಒಲೆ ಮುಂದೆ ಮುದ್ದೆ ತಿರುವುತ್ತಾ ಒಬ್ಬಳೇ ಅಳುತ್ತಿದ್ದೆ.

ಒಂದು ದಿನ ಮೇಡಂ ನೇರವಾಗಿ ಕೇಳಿದರು. "ಇಬ್ರೂ ಒಟ್ಟಿಗೆ ಮಲಗ್ತೀರೇನಮ್ಮ?"

ಅತ್ತುಬಿಟ್ಟೆ. ಬಿಗಿಯಾದದ್ದು, ಎಣ್ಣೆ, ಚಾಪೆ, ಎಲ್ಲವನ್ನೂ ಹೇಳಿದೆ. ಹೊರಗೆ ಬೆಂಚಿನ ಮೇಲಿದ್ದ ಯಜಮಾನರನ್ನು ಕರೆಸಿ ಬಾಗಿಲು ಮುಚ್ಚಿದರು.

"ಚಪ್ಪಲಿ ಕಚ್ಚಿದ್ರೆ ಏನ್ ಮಾಡ್ತೀರ ಯಜಮಾನ್ರೆ? ನಡೆಯೋದ್ನೇ ಬುಟ್‌ಬುಡ್ತೀರಾ?"

"ಬೇರೆ ತಕ್ಕತೀನಿ."

"ಇದೂ ಅಂಗೇ. ಇದ್ರಲ್ಲೂ ದೊಡ್ಡ ಸೈಜು ಬತ್ತದೆ. ಎಣ್ಣೆ ಮಾತ್ರ ಮುಟ್ಟುಸ್‌ಬ್ಯಾಡಿ, ರಬ್ಬರು ಅರಿದೋಯ್ತದೆ. ನೀರಿನ ಜೆಲ್ ಅಂತ ಸಿಕ್ತದೆ, ಅದ ಹಚ್ಕಳಿ."

ಮರದ ಮಾದರಿಯ ಮೇಲೆ, ತುದಿ ಹಿಂಡಿ ಗಾಳಿ ತೆಗೆದು, ಬುಡದವರೆಗೂ ಇಳಿಸಿ ತೋರಿಸಿದರು. ಯಜಮಾನರು ಕಿಟಕಿ ನೋಡುತ್ತಿದ್ದರು. "ಅಲ್ಲೇನದೆ? ಇಲ್ಲಿ ನೋಡಿ" ಎಂದು ಗದರಿ ಅವರ ಕೈಯಲ್ಲೂ ಮಾಡಿಸಿದರು. ಮೆಡಿಕಲ್ ಶಾಪಿನಲ್ಲಿ ಬಾಯಿಬಿಟ್ಟು ಕೇಳಲು ಸಂಕೋಚವಾದೀತೆಂದು ಸೈಜನ್ನೂ ಜೆಲ್ಲನ್ನೂ ಚೀಟಿಯಲ್ಲಿ ಬರೆದುಕೊಟ್ಟರು.

ಆ ವಾರವೇ ಚಾಪೆ ಕೋಣೆಗೆ ಬಂತು.

ಮೇಡಂ ಮೊದಲೇ ಒಂದು ಮಾತು ಹೇಳಿದ್ದರು. "ಒರಗೆ ಸಿಕ್ಕಿದ್ರೆ ನಾನು ಮಾತಾಡ್ಸಲ್ಲ, ಬೇಜಾರ್ ಮಾಡ್ಕಬ್ಯಾಡ. ಯಾರಾದ್ರೂ ಎಂಗೆ ಪರಿಚಯ ಅಂದ್ರೆ ನೀನು ಏನ್ ಏಳ್ತೀಯ?" ಒಮ್ಮೆ ಮದ್ದೂರಿನ ಬಸ್ ನಿಲ್ದಾಣದಲ್ಲಿ ನಾನು ಅತ್ತೆಯ ಜೊತೆ ನಿಂತಿದ್ದಾಗ ಎದುರಿಗೇ ಬಂದರು. ಕಂಬ ನೋಡಿದ ಹಾಗೆ ನನ್ನನ್ನು ನೋಡಿ ಮುಂದೆ ಹೋದರು. ನನ್ನ ಒಳಗನ್ನೆಲ್ಲ ಬಲ್ಲವರು ಲೋಕದಲ್ಲಿ ಅವರೊಬ್ಬರೇ. ಅವರನ್ನು ಚೆನ್ನಾಗಿದ್ದೀರಾ ಎಂದು ಕೇಳುವ ಹಾಗೂ ಇರಲಿಲ್ಲ.

ಹೋದ ವರ್ಷ ಮೇಡಂ ತೀರಿಕೊಂಡರು. ಮಾತ್ರೆಗೆಂದು ಹೋದಾಗ ಸುದ್ದಿ ತಿಳಿಯಿತು. ತಿಥಿಯ ದಿನ ವೈದ್ಯನಾಥಪುರದ ಅವರ ಮನೆ ಹುಡುಕಿಕೊಂಡು ಹೋದೆ. ಅಂಗಳದಲ್ಲಿ ಐದಾರು ಜನ ಒಬ್ಬರ ಮುಖ ಒಬ್ಬರು ನೋಡದೆ ದೂರ ದೂರ ನಿಂತಿದ್ದರು. ಆಸ್ಪತ್ರೆಯ ಬೆಂಚಿನ ಮೇಲೆ ಕಂಡ ಮುಖಗಳೇ. ನಾನೂ ಒಂದು ಮೂಲೆಯಲ್ಲಿ ನಿಂತೆ.

ಮೇಡಂ ಅಕ್ಕ ಬಂದು, "ನಿಮ್ ಗುರ್ತು ಸಿಕ್ಕನಿಲ್ವಲ್ಲ ತಾಯಿ?" ಎಂದರು.

"ಮಂಡ್ಯದಲ್ಲಿ ಪರಿಚಯ" ಎಂದಷ್ಟೇ ಹೇಳಿದೆ. ಎಲೆ ಮುಂದೆ ಕೂತು ಉಂಡೆ. ಅಳಲಿಲ್ಲ. ಅತ್ತರೆ ಯಾಕೆಂದು ಹೇಳಬೇಕಾಗುತ್ತಿತ್ತು.

ಸಂಜೆ ಯಜಮಾನರು ಬ್ಲಫ್‌ನ ವಿದ್ಯುತ್ ಕೇಂದ್ರದಲ್ಲಿ ಪಾಳಿ ಮುಗಿಸಿ ಬಂದವರೇ ಕೋಣೆಯ ಬಾಗಿಲು ಹಾಕಿದರು.

"ಅಲ್ಲಿ ಅಳಕ್ಕಾಯ್ತಾ?"

"ಎಂಗಾಯ್ತದೆ?"

"ಇಲ್ಲಿ ಅಳು" ಎಂದು ಪಕ್ಕದಲ್ಲಿ ಕೂತರು.

ಗೋಡೆಯ ಆಚೆ ಅತ್ತೆ ಟೀವಿ ನೋಡುತ್ತಿದ್ದರು. ನಾವಿಬ್ಬರೂ ಸದ್ದಾಗದ ಹಾಗೆ ಅತ್ತೆವು.