ಇಪ್ಪತ್ಮೂರು ಹುಣಸೆ ಬೀಜದ ದಾರಿ

ಭಾನುವಾರ ಬೆಳಿಗ್ಗೆ ಆರೂವರೆಗೆ ಹಾನಗಲ್ಲಿನ ಬಂಕಿನಲ್ಲಿ ನಮ್ಮ ಬಿಳಿ ಅಂಬಾಸಿಡರಿಗೆ ಬಾಯಿಮಟ ಡೀಸೆಲ್ ತುಂಬಿಸಿದೆವು. ಬಾಯಿಮಟ ಎಂದರೆ ಟ್ಯಾಂಕಿನ ಕೊರಳಿನಲ್ಲಿ ಎಣ್ಣೆ ಕಣ್ಣಿಗೆ ಕಾಣುವವರೆಗೆ. ಪಂಪಿನವ ಎರಡು ಸಲ ಸಾಕೆಂದ, ನಾನು ಎರಡು ಸಲವೂ ಇನ್ನಷ್ಟು ಎಂದೆ. ಆಮೇಲೆ ಕಾರಿನ ಮೀಟರಿನಲ್ಲಿದ್ದ ಅಂಕಿಯನ್ನು ನೋಟ್‌ಬುಕ್ಕಿನಲ್ಲಿ ಬರೆದು ಕೆಳಗೆ ಗೆರೆ ಎಳೆದೆ. ಅಪ್ಪ ಸ್ಟೀರಿಂಗ್ ಹಿಡಿದು ಕೂತಿದ್ದ.

"ಬರದಿ?" ಎಂದ.

"ಬರದೆ."

"ಹಂಗಾರ ನೆನಪಿರ್ಲಿ. ಲೀಟರಿಗೆ ಹದಿನಾಲ್ಕು ಕೊಟ್ರ ಇಟ್ಕೊಳ್ಳೂಣು. ಕೊಡಲಿಲ್ಲಂದ್ರ ನಾಳೆ ಗುಜರಿಯಾಂವ ಬರ್ತಾನ, ಕೊಟ್ಟು ಕೈ ತೊಳಕೊಳ್ಳೂಣು. ಕುಡುಕ ಗಾಡಿ ಮನ್ಯಾಗ ಇಟ್ಕೊಂಡು ಪೂಜಿ ಮಾಡೋದೈತೇನು?"

ಈ ಕಾರಿನ ಕಥೆ ಸಣ್ಣದು. ಅಪ್ಪ ಶಿಗ್ಗಾವಿಯ ಒಬ್ಬ ಡಾಕ್ಟರ ಬಳಿ ಮೂವತ್ತು ವರ್ಷ ಡ್ರೈವರ್ ಆಗಿದ್ದ. ಡಾಕ್ಟರು ದವಾಖಾನೆ ಮುಚ್ಚಿ ಮಗಳ ಊರಿಗೆ ಹೋಗುವಾಗ ಕಾರಿನ ಕೀಲಿ ಅಪ್ಪನ ಕೈಗೆ ಕೊಟ್ಟರು, ಹೆಸರಿಗೂ ಮಾಡಿಸಿಕೊಟ್ಟರು. ಅದು ಪೆಟ್ರೋಲ್ ಗಾಡಿ, ಲೀಟರಿಗೆ ಎಂಟು ಕಿಲೋಮೀಟರ್. ಮಾಸೂರಿನಲ್ಲಿರುವ ಅಕ್ಕನ ಮನೆಗೆ ಒಂದು ಸಲ ಹೋಗಿಬರುವ ಎಣ್ಣೆಯ ದುಡ್ಡಿನಲ್ಲಿ ಮನೆಮಂದಿಯೆಲ್ಲ ಬಸ್ಸಿನಲ್ಲಿ ಎರಡು ಸಲ ಹೋಗಿಬರಬಹುದಿತ್ತು. ಹಾಗಾಗಿ ಕಾರು ಎರಡು ವರ್ಷ ತಾಡಪಾಲಿನ ಕೆಳಗೇ ನಿಂತಿತು. ಅಪ್ಪ ವಾರಕ್ಕೊಮ್ಮೆ ಒರೆಸುತ್ತಿದ್ದ, ಓಡಿಸುತ್ತಿರಲಿಲ್ಲ.

ನಮ್ಮ ಮನೆತನದಲ್ಲಿ ಡಿಗ್ರಿ ಪಡೆದ ಮೊದಲನೆಯವಳು ನಾನು. ಮೆಕ್ಯಾನಿಕಲ್ ಇಂಜಿನಿಯರಿಂಗ್. ಇಡೀ ಕ್ಲಾಸಿನಲ್ಲಿ ಹುಡುಗಿಯರು ಮೂವರೇ ಇದ್ದೆವು. ಎರಡು ಬಸ್ಸು ಬದಲಿಸಿ, ನಿಂತುಕೊಂಡೇ ಓದಿ ಪಾಸಾದೆ. ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ, ಅದು ಪುಕ್ಕಟೆ ಸಿಕ್ಕದ್ದಲ್ಲ. ಈಗ ಐಟಿಐಯಲ್ಲಿ ಹುಡುಗರಿಗೆ ಎಂಜಿನ್ ಬಿಚ್ಚಿ ಕಟ್ಟುವುದನ್ನು ಕಲಿಸುತ್ತೇನೆ. ಇಷ್ಟು ಕಲಿತವಳ ಮನೆಯಲ್ಲೇ ಒಂದು ಕಾರು ತಾಡಪಾಲು ಹೊದ್ದು ಮಲಗಿರಬೇಕೇ ಎಂದು, ಇದೇ ಕಾರಿನ ಡೀಸೆಲ್ ಮಾದರಿಯ ಎಂಜಿನ್ನು ಮತ್ತು ಐದು ಗೇರಿನ ಗೇರ್‌ಬಾಕ್ಸು ಹುಡುಕಿದೆ. ಸಾರಿಗೆ ಕಚೇರಿಗೆ ನಾಲ್ಕು ಸಲ ಅಲೆದು ಒಪ್ಪಿಗೆ ಪಡೆದೆ, ಹೊಸ ಎಂಜಿನ್ ನಂಬರನ್ನು ಆರ್‌ಸಿಯಲ್ಲಿ ಏರಿಸಿದೆ. ಕೂಡಿಸುವ ಕೆಲಸ ಸವಣೂರಿನ ದಾದಾಪೀರ್ ಮೇಸ್ತ್ರಿಯದು. ಏನೇನು ಬದಲಾಗಬೇಕು ಎಂಬ ಪಟ್ಟಿ ನನ್ನದು.

ಅವ್ವ ನಮ್ಮ ಜೊತೆ ಬರಲಿಲ್ಲ. "ಹೆಣ್ಣುಮಕ್ಕಳಿಗೆ ಬಸ್ಸು ಪುಕ್ಕಟೆ ಐತಿ. ನಿಮ್ಮ ಕಾರು ಲೀಟರಿಗೆ ಎಷ್ಟ ಕೊಡ್ಲಿ, ನನ್ನ ಬಸ್ಸಿಗೆ ಸರಿಗಟ್ಟಂಗಿಲ್ಲ" ಎಂದು ಬಾಗಿಲಲ್ಲೇ ನಿಂತು ನಕ್ಕಳು.

ಹಾನಗಲ್ಲು ದಾಟಿದ ಮೇಲೆ ಎರಡೂ ಕಡೆ ಭತ್ತ ತೆನೆ ಹೊತ್ತು ಬಾಗಿತ್ತು. ಬನ್ನಿ ಹಬ್ಬ ಮುಗಿದು ಹತ್ತು ದಿನವಾಗಿರಲಿಲ್ಲ. ಆಯುಧ ಪೂಜೆಗೆ ರಸ್ತೆ ಕೆಲಸದವರು ಸುಣ್ಣ ಬಳಿದು ಕುಂಕುಮ ಹಚ್ಚಿದ ಕಿಲೋಮೀಟರ್ ಕಲ್ಲುಗಳು ಸಾಲಾಗಿ ಹಿಂದೆ ಸರಿಯುತ್ತಿದ್ದವು. ಎಂಜಿನ್ನಿನ ಸದ್ದು ಚೆನ್ನಾಗಿತ್ತು. ಅಪ್ಪ ಐವತ್ತರ ವೇಗ ಬಿಟ್ಟು ಮೇಲೇರಲಿಲ್ಲ. ಆಗಾಗ ಅವನ ಕೈ ಅಂಗಿಯ ಜೇಬಿಗೆ ಹೋಗಿ, ಡ್ಯಾಶ್‌ಬೋರ್ಡಿನಲ್ಲಿ ಸಿಗರೇಟಿನ ಬೂದಿ ಹಾಕುವ ತಗಡಿನ ಡಬ್ಬಿಯಲ್ಲಿ ಏನೋ ಟಣ್ ಎನ್ನುತ್ತಿತ್ತು. ಅಡಿಕೆ ಚೂರು ಇರಬೇಕೆಂದುಕೊಂಡೆ. ನನ್ನ ಕಣ್ಣು ಮೀಟರಿನ ಮೇಲೆ.

ಬಂಕಾಪುರದ ಕೋಟೆಯ ಕಡೆಯಿಂದ ನವಿಲು ಕೂಗಿದ್ದು ಎಂಜಿನ್ನಿನ ಸದ್ದಿನ ಮೇಲೂ ಕೇಳಿಸಿತು. ಶಿಗ್ಗಾವಿಯಲ್ಲಿ ಮೂವತ್ತು ರೂಪಾಯಿಗೆ ಒಂದು ಪ್ಲೇಟ್ ಪೂರಿ ತಿಂದೆವು. ಪಲ್ಯ ಎರಡನೇ ಸಲ ಕೇಳಿದ್ದಕ್ಕೂ ಮುಖ ಸಿಂಡರಿಸದೆ ಹಾಕಿದರು. ಡಾಕ್ಟರ ಹಳೇ ಮನೆಯ ಮುಂದೆ ಹಾಯುವಾಗ ಅಪ್ಪ ತನಗರಿವಿಲ್ಲದೆ ಗೇರು ಇಳಿಸಿ ಎರಡು ಸಲ ಹಾರ್ನ್ ಹೊಡೆದ. ಗೇಟಿಗೆ ಬೀಗವಿತ್ತು. "ರೂಢಿ" ಎಂದು ಮುಂದೆ ಹೊಡೆದ.

ಸವಣೂರು ಸೇರಿದಾಗ ಒಂಬತ್ತೂವರೆ. ಊರ ಬಂಕಿನಲ್ಲಿ ಮತ್ತೆ ಬಾಯಿಮಟ ತುಂಬಿಸಿದೆ. ನಾಲ್ಕು ಲೀಟರ್ ಹಿಡಿಯಿತು. ಮೀಟರಿನಲ್ಲಿ ನಲವತ್ತೆಂಟು ಕಿಲೋಮೀಟರ್ ಓಡಿತ್ತು. ಭಾಗಿಸಲು ಪೆನ್ನು ಬೇಕಿರಲಿಲ್ಲ. ಹನ್ನೆರಡು.

ನೋಟ್‌ಬುಕ್ಕು ಮುಚ್ಚಿದೆ. ಅಪ್ಪ ನನ್ನ ಮುಖ ನೋಡಿದ.

ಸಣ್ಣ ಗಲ್ಲಿಯಲ್ಲಿ ದಾದಾಪೀರ್ ಮೇಸ್ತ್ರಿಯ ಶೆಡ್ಡು. ಅರವತ್ತು ದಾಟಿದ ಮನುಷ್ಯ, ಕನ್ನಡಕ ಹಣೆಯ ಮೇಲೇ ಇರುತ್ತದೆ. "ಬರ್ರಿ ಇಂಜಿನಿಯರ್ ಮೇಡಂ, ಕುಂದರ್ರಿ. ಏನಂತೈತಿ ನಮ್ಮ ಕೂಸು?" ಎಂದು ವೀಳ್ಯದೆಲೆಯ ತಟ್ಟೆ ಮುಂದೆ ಸರಿಸಿದ. ಸವಣೂರಿನ ಎಲೆ, ಅಪ್ಪ ಬೇಡವೆನ್ನಲಿಲ್ಲ.

"ಹನ್ನೆರಡು ಕೊಡಾಕತ್ತೈತಿ ಚಾಚಾ" ಎಂದೆ.

ಮೇಸ್ತ್ರಿ ಎಲೆಗೆ ಸುಣ್ಣ ಹಚ್ಚುವುದನ್ನು ನಿಲ್ಲಿಸಿದ. ಬಾನೆಟ್ ಎತ್ತಿ ಕಿವಿಯಿಟ್ಟ. ಹಿಂದೆ ಹೋಗಿ ಹೊಗೆ ನೋಡಿದ. ಬಿಳಿ ಚಿಂದಿಯೊಂದನ್ನು ಸೈಲೆನ್ಸರಿನ ಬಾಯಿಗೆ ಹಿಡಿದು ತೋರಿಸಿದ, ಮಸಿ ಅಂಟಿರಲಿಲ್ಲ. ಜಾಕ್ ಏರಿಸಿ ನಾಲ್ಕೂ ಚಕ್ರ ಕೈಯಲ್ಲಿ ತಿರುಗಿಸಿದ, ಬ್ರೇಕು ಹಿಡಿದುಕೊಂಡಿರಲಿಲ್ಲ.

"ಆಗಂಗಿಲ್ಲ. ಈ ಎಂಜಿನ್ನು ಹದಿನಾಲ್ಕಕ್ಕ ಕಡಿಮಿ ಕೊಟ್ರ ನಾ ಪಾನಾ-ಸುತ್ತಿಗಿ ಕೆಳಗಿಟ್ಟು ಖಾರಾ ಮಾರಾಕ ಹೋಗ್ತೇನಿ. ನಿಮ್ಮ ಲೆಕ್ಕ ಇನ್ನೊಮ್ಮೆ ನೋಡ್ರಿ."

"ನಲವತ್ತೆಂಟನ್ನ ನಾಲ್ಕರಿಂದ ಭಾಗಿಸಾಕ ನನಗ ಬರ್ತೈತಿ ಚಾಚಾ."

ಮಾತು ಸ್ವಲ್ಪ ಚುರುಕಾಯಿತು. ಅವನು ನಕ್ಕ, ನಾನು ನಗಲಿಲ್ಲ. ಮೊಬೈಲಿನ ನಕ್ಷೆಯಲ್ಲಿ ಹಾನಗಲ್ಲಿನಿಂದ ಸವಣೂರಿಗೆ ಎಷ್ಟೆಂದು ನೋಡಿದ್ದರೆ ಎರಡು ನಿಮಿಷದ ಕೆಲಸವಾಗಿತ್ತು. ಹುಟ್ಟಿದ ಸೀಮೆಯ ದಾರಿಗೆ ನಕ್ಷೆ ಯಾಕೆ ಎಂಬ ಸೊಕ್ಕು ನನಗೆ. ಬಸ್ಸಿನಲ್ಲಿ ಓಡಾಡಿದವಳು ನಾನು, ದಾರಿಯನ್ನು ತಾಸಿನಲ್ಲಿ ಬಲ್ಲೆ, ಕಿಲೋಮೀಟರಿನಲ್ಲಿ ಅಲ್ಲ.

ಅಕ್ಕನಿಗೆ ಆ ಊರಿನ ಹೆಸರಾದ ಕುರುಕಲು ತಿಂಡಿ ಖಾರಾ ಕಾಲು ಕಿಲೋ ಕಟ್ಟಿಸಿಕೊಂಡು ಹತ್ತಿಮತ್ತೂರಿನ ದಾರಿ ಹಿಡಿದೆವು. "ಯಪ್ಪಾ, ಹಿಂದಕ್ಕ ಹೋಗೂಣೇನು? ಸುಮ್ನ ಯಾಕ ಎಣ್ಣಿ ಸುಡೋದು?" ಎಂದೆ. ನನ್ನ ದನಿ ನನಗೇ ಇಷ್ಟವಾಗಲಿಲ್ಲ.

"ಅಕ್ಕ ರೊಟ್ಟಿ ಬಡದಿರ್ತಾಳ. ಕಡೀ ಸಲ ಆದ್ರೂ ಗಾಡ್ಯಾಗ ಹೋಗಿ ಬರೂಣ ನಡಿ" ಎಂದ ಅಪ್ಪ. ಕಡೆಯ ಸಲ ಎಂಬ ಮಾತು ಅವನ ಬಾಯಿಂದ ಬಂದಾಗ ನಾನು ಕಿಟಕಿಯ ಕಡೆ ತಿರುಗಿದೆ. ಹತ್ತಿ ಬಿಡಿಸುವವರು ಹೊಲದಲ್ಲಿ ಸಾಲು ಹಿಡಿದಿದ್ದರು.

ಆಗ ಮತ್ತೆ ಟಣ್ ಎಂದಿತು.

ಡಬ್ಬಿ ಎಳೆದು ನೋಡಿದೆ. ಹುಣಸೆ ಬೀಜ. ಏಳು.

"ಇದೇನಪ್ಪಾ?"

"ಹತ್ತು ಕಲ್ಲಿಗೆ ಒಂದು. ಡಾಕ್ಟರ ಕಾಲದ್ದು. ಮಳಿಗಾಲ ಬಂತಂದ್ರ ಈ ಗಾಡಿಯ ಮೀಟರ್ ವಾಯರ್ ಹರೀತಿತ್ತು. ಎಷ್ಟು ದೂರ ಹೋಗಿ ಬಂದ್ವಿ ಅಂತ ಡಾಕ್ಟರು ಕೇಳೋರು. ನನಗ ಬರಿಯಾಕ ಎಲ್ಲಿ ಬರ್ತಿತ್ತು? ಬೀಜ ತೋರಸ್ತಿದ್ದೆ."

ಏಳು ಬೀಜ, ಎಪ್ಪತ್ತು ಕಲ್ಲು. ಮೀಟರು ನೋಡಿದೆ. ಹೊರಟಲ್ಲಿಂದ ಐವತ್ತಾರು.

"ಗಾಡಿ ನಿಂದರ್ಸು" ಎಂದೆ. ಬಹುಶಃ ಕೂಗಿದೆ.

ಮುಂದಿನ ಕಲ್ಲಿನ ಎದುರಿಗೆ ಮೀಟರಿನ ಅಂಕಿ ಬರೆದುಕೊಂಡು ಅಲ್ಲಿಂದ ಹತ್ತು ಕಲ್ಲು ಎಣಿಸುತ್ತ ಹೊರಟೆವು. ಹತ್ತಿಮತ್ತೂರಿನ ಹತ್ತಿರ ರಸ್ತೆಯ ಅರ್ಧಕ್ಕೆ ಗೋವಿನಜೋಳ ಒಣಹಾಕಿದ್ದರು. ಆರನೇ ಕಲ್ಲು ಕಾಣಲಿಲ್ಲ. ಇಳಿದು, ಕಾಲಿನಿಂದ ಕಾಳು ಎಳೆಯುತ್ತಿದ್ದ ಹೆಣ್ಣುಮಗಳನ್ನು ಕೇಳಿದೆ. "ಯಕ್ಕಾ, ಇಲ್ಲೊಂದು ಕಿಲೋಮೀಟರ್ ಕಲ್ಲು ಇತ್ತಲ್ಲ?"

"ಕಲ್ಲು ಹುಡುಕಾಕ ಕಾರ್ ಮಾಡ್ಕೊಂಡು ಬಂದೀರೇನ್ ಬೇ? ನಮ್ಮ ಹೊಲದಾಗ ಬೇಕಾದಷ್ಟು ಅದಾವ, ಹೇರ್ಕೊಂಡ್ ಹೋಗ್ರಿ" ಎಂದು ನಕ್ಕು, ಜೋಳದ ರಾಶಿಯನ್ನು ಪಕ್ಕಕ್ಕೆ ಸರಿಸಿದಳು. ಕುಂಕುಮದ ನೆತ್ತಿ ಕಂಡಿತು. ಆರು.

ಹತ್ತನೇ ಕಲ್ಲಿನಲ್ಲಿ ಮೀಟರು ಎಂಟು ತೋರಿಸಿತು. ಕಲ್ಲು ಸುಳ್ಳು ಹೇಳುವುದಿಲ್ಲ. ಮೀಟರು ಹತ್ತಕ್ಕೆ ಎರಡು ತಿನ್ನುತ್ತಿತ್ತು. ಹಾನಗಲ್ಲಿನಿಂದ ಸವಣೂರಿಗೆ ನಾವು ಬಂದದ್ದು ನಲವತ್ತೆಂಟಲ್ಲ, ಅರವತ್ತು. ನಾಲ್ಕು ಲೀಟರಿಗೆ ಅರವತ್ತು.

ಮೇಸ್ತ್ರಿಗೆ ಫೋನ್ ಹಚ್ಚಿದೆ. "ಚಾಚಾ, ಗೇರ್‌ಬಾಕ್ಸಿನಾಗ ಮೀಟರ್ ವಾಯರ್ ತಿರುಗಿಸೋ ಸಣ್ಣ ಹಲ್ಲಿನ ಚಕ್ರ ಇರ್ತದಲ್ಲ, ಅದನ್ನ ಹಳೇದು ಹಾಕಿದ್ರೋ, ಗೇರ್‌ಬಾಕ್ಸ್ ಜೊತಿ ಬಂದದ್ದ ಐತೋ?"

ಆ ಕಡೆ ಸುತ್ತಿಗೆಯ ಸದ್ದು ನಿಂತಿತು. "ಜೊತಿ ಬಂದದ್ದ ಐತಿ. ಅದು ಡೀಸೆಲ್ ಗಾಡಿ ಹಿಂದಿನ ಅಚ್ಚಿಗೆ ಕೂಡೋ ಹಲ್ಲು. ನಿಮ್ದು ಅಚ್ಚು ಹಳೇದ, ಅದಕ್ಕ ಮೀಟರ್ ಕಡಿಮಿ ತಿರಗ್ತೈತಿ..." ಮಾತು ಅರ್ಧಕ್ಕೆ ಬಿಟ್ಟು ಆತ ಜೋರಾಗಿ ನಕ್ಕ. "ಪಟ್ಟಿ ನೀವ ಕೊಟ್ಟಿದ್ರಿ ಮೇಡಂ. ಮೌಂಟಿಂಗ್ ಇತ್ತು, ಕ್ಲಚ್ ಪ್ಲೇಟ್ ಇತ್ತು, ರೇಡಿಯೇಟರ್ ಇತ್ತು. ಹಲ್ಲು ಇರ್ಲಿಲ್ಲ ನೋಡ್ರಿ."

ಇರಲಿಲ್ಲ. ಮೂವತ್ತೊಂದು ಸಾಮಾನು ಬರೆದಿದ್ದೆ. ಹೆಬ್ಬೆರಳಿನಷ್ಟು ಒಂದು ಚಕ್ರ ಬಿಟ್ಟಿದ್ದೆ. ಹುಡುಗರ ಪರೀಕ್ಷೆಯಲ್ಲಿ ಇದನ್ನೇ ಪ್ರಶ್ನೆಯಾಗಿ ಕೇಳಿ ಅಂಕ ಕಳೆದವಳು ನಾನು.

"ಅಪ್ಪಾ, ನಿನಗ ಗೊತ್ತಿತ್ತಲ್ಲ. ಸವಣೂರಾಗ ಆರು ಬೀಜ ಬಿದ್ದಿದ್ವು. ಯಾಕ ಹೇಳಲಿಲ್ಲ?"

ಅಪ್ಪ ಗೇರು ಬದಲಿಸಿ, ಎದುರು ಬಂದ ಕಬ್ಬಿನ ಟ್ರಾಕ್ಟರಿಗೆ ದಾರಿ ಬಿಟ್ಟು ಹೇಳಿದ. "ಮೀಟರ್ ಕಡಿಮಿ ಓಡೋದು ಹಾನಗಲ್ಲ ದಾಟಿದ ಕೂಡ್ಲೇ ಗೊತ್ತಾತು. ಹೊಸ ಎಂಜಿನ್ನಿಗೆ ಹಿಂಗ ಇರ್ತದೇನೋ, ನೀ ಅದಕ್ಕೂ ಏನೋ ಲೆಕ್ಕ ಹಿಡದಿರ್ತಿ ಅಂದ್ಕೊಂಡೆ. ಓದಿದಾಕಿ ಲೆಕ್ಕದಾಗ ನಾ ಯಾಕ ಬಾಯಿ ಹಾಕ್ಲಿ?"

ಇದಕ್ಕೆ ಸಿಟ್ಟು ಮಾಡಬೇಕೋ ಅಳಬೇಕೋ ತಿಳಿಯಲಿಲ್ಲ. "ಇನ್ನ ಮ್ಯಾಲೆ ಹಾಕು ಬಾಯಿ" ಎಂದೆ. ಅವನು ತಲೆಯಾಡಿಸಿದ. ಆದರೆ ಒಪ್ಪಂದ ಸಡಿಲಿಸಲಿಲ್ಲ. "ಸವಣೂರ ಬಂಕಿನಾಗ ನೆಲ ಇಳಿಜಾರ ಇತ್ತು. ಟ್ಯಾಂಕು ಸಮಾ ತುಂಬೇತೋ ಇಲ್ಲೋ ಯಾರಿಗ್ಗೊತ್ತು. ಹಾನಗಲ್ಲಿನ ಅದ ಪಂಪಿಗೆ, ಅದ ಜಾಗಾದಾಗ ನಿಂತು ತುಂಬಿಸಿದ ಮ್ಯಾಲೆ ಮಾತು." ನಾನು ಹುಡುಗರಿಗೆ ಹೇಳಿಕೊಡುವುದೂ ಅದನ್ನೇ.

ಹಾವೇರಿಯ ಗದ್ದಲ ದಾಟಿ, ಹಿರೇಕೆರೂರಿನಲ್ಲಿ ಚಹಾ ಕುಡಿದು ಮಾಸೂರು ಮುಟ್ಟಿದಾಗ ಒಂದೂವರೆ. ಬಿಸಿಲು ಚುರುಗುಟ್ಟುತ್ತಿತ್ತು. ಮದಗದ ಕೆರೆಯಲ್ಲಿ ನೀರು ತುಂಬಿತ್ತು, ಕೆಳಗಿನ ಗದ್ದೆಗಳಲ್ಲಿ ಕೂಲಿಯವರು ಬುತ್ತಿ ಬಿಚ್ಚಿದ್ದರು. ಊರ ಬಾಯಿಗೆ ಬಂದಾಗ ಅಪ್ಪ ಕಾರು ನಿಲ್ಲಿಸಿದ. ಯಾಕೆಂದು ನನಗೆ ಗೊತ್ತಿತ್ತು. ಹಿಂದೆ ಒಂದು ಸಲ ಡಾಕ್ಟರ ಕೆಲಸಕ್ಕೆ ಈ ಕಡೆ ಬಂದವನು ಇದೇ ಕಾರನ್ನು ಇಲ್ಲಿಯೇ ಮರದ ಕೆಳಗೆ ಬಿಟ್ಟು ಅಕ್ಕನ ಮನೆಗೆ ನಡೆದು ಹೋಗಿದ್ದ. ಮಾಲಕರ ಗಾಡಿಯಲ್ಲಿ ಬೀಗರ ಬಾಗಿಲಿಗೆ ಹೋಗಿ ಇಳಿಯಬಾರದು ಎಂಬುದು ಅವನ ಕಟ್ಟುನಿಟ್ಟು. ಎಂಜಿನ್ನು ಸಣ್ಣಗೆ ಗುರುಗುಡುತ್ತಿತ್ತು. ಕನ್ನಡಿ ನೋಡಿ ಮುಖ ಒರೆಸಿಕೊಂಡು ಅಪ್ಪ ಗೇರು ಹಾಕಿ ಓಣಿಯೊಳಗೆ ತಿರುಗಿಸಿದ.

ಅಕ್ಕ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು. "ಯಪ್ಪಾ, ಬಾಗಿಲಿಗೇ ತಂದ್ಯಲ್ಲೋ!" ಎಂದಳು. ಅಪ್ಪ ಇಳಿದು ಬಾಗಿಲು ಮೆಲ್ಲಗೆ ಹಾಕಿ, "ಹೂಂ. ನಮ್ದ ಗಾಡಿ" ಎಂದ. ಬಿಸಿ ರೊಟ್ಟಿ, ಎಣಗಾಯಿ, ಗಟ್ಟಿ ಮೊಸರು ಇದ್ದವು. ಸವಣೂರಿನ ಖಾರಾ ಅಲ್ಲೇ ಅರ್ಧ ಖಾಲಿಯಾಯಿತು.

ಮೂರಕ್ಕೆ ಹೊರಟು ಹಿರೇಕೆರೂರಿಗೆ ಮರಳಿ, ಚಿಕ್ಕೇರೂರಿನ ಮೇಲೆ ಹಾಯ್ದು ಹಾನಗಲ್ಲಿನ ಕಡೆ ತಿರುಗಿದೆವು. ಈಗ ಕಲ್ಲು ಎಣಿಸುವವರು ಇಬ್ಬರು. ಒಂದು ಕಲ್ಲಿನ ವಿಷಯದಲ್ಲಿ ಜಗಳವೂ ಆಯಿತು. ನಾನೇ ಸೋತೆ. ಊರಿನ ಬಂಕು ಕಂಡಾಗ ಹೊತ್ತು ಮುಳುಗುತ್ತಿತ್ತು. ಬೆಳಗಿನ ಜಾಗದಲ್ಲೇ, ಬೆಳಗಿನಷ್ಟೇ ಬಾಯಿಮಟ ತುಂಬಿಸಿದೆವು. ಪಂಪಿನವ ಈ ಸಲ ಕೇಳದೆಯೇ ಕೊರಳಿನವರೆಗೆ ಬಿಟ್ಟ. ಹನ್ನೊಂದು ಲೀಟರ್. ಸವಣೂರಿನ ನಾಲ್ಕು ಸೇರಿ ಹದಿನೈದು. ಡಬ್ಬಿಯಲ್ಲಿ ಇಪ್ಪತ್ಮೂರು ಬೀಜ. ಇನ್ನೂರ ಮೂವತ್ತು ಕಿಲೋಮೀಟರ್.

ಬಾನೆಟ್ಟಿನ ಮೇಲೆ ನೋಟ್‌ಬುಕ್ ಇಟ್ಟು ಎರಡು ಸಲ ಭಾಗಿಸಿದೆ.

"ಹದಿನೈದು ಚಿಲ್ಲರ ಅಪ್ಪಾ."

"ಇನ್ನೊಮ್ಮೆ ಹೇಳು."

"ಹದಿನೈದು ಚಿಲ್ಲರ."

ಅಪ್ಪ ಫೋನ್ ತೆಗೆದು ದೂರ ಹಿಡಿದು ಗುಜರಿಯವನ ನಂಬರಿನ ಬಟನ್ ಒತ್ತಿದ. "ಹಲೋ, ನಾಳೆ ಬರಬ್ಯಾಡ್ರಿ... ಇಲ್ಲ, ರೇಟಿನ ಮಾತಲ್ಲ. ಗಾಡಿ ಕೊಡೋದಿಲ್ಲ" ಎಂದು ಇಟ್ಟ. ಬಂಕಿನ ನಲ್ಲಿಯಲ್ಲಿ ಮುಖ ತೊಳೆದುಕೊಂಡು ಬಂದು ಸ್ಟೀರಿಂಗಿನ ಮುಂದೆ ಕೂತ. ತಗಡಿನ ಡಬ್ಬಿಯನ್ನು ಅಂಗೈ ಮೇಲೆ ಬೋರಲು ಹಾಕಿ, ಇಪ್ಪತ್ಮೂರೂ ಬೀಜಗಳನ್ನು ಅಂಗಿಯ ಜೇಬಿಗೆ ಇಳಿಸಿಕೊಂಡು ಗುಂಡಿ ಹಾಕಿದ. ಖಾಲಿ ಡಬ್ಬಿಯನ್ನು ಮತ್ತೆ ಅದರ ಜಾಗಕ್ಕೆ ತಳ್ಳಿ ಕೀಲಿ ತಿರುಗಿಸಿದ.