ಆಯುಧಪೂಜೆಯ ಮಧ್ಯಾಹ್ನ ಲಿಫ್ಟಿನಲ್ಲಿ

ದೇವರು ನನ್ನ ಜೊತೆ ಮಾತಾಡಿದ ಎನ್ನುವವರನ್ನು ಕಂಡರೆ ನನಗೆ ಮೊದಲಿನಿಂದಲೂ ನಗು. ಕೊರಳಲ್ಲಿ ಲಿಂಗ ಕಟ್ಟಿಕೊಂಡವನಾದರೂ ನನ್ನ ದೇವರು ನನ್ನೊಡನೆ ಒಂದು ಮಾತೂ ಆಡಿದವನಲ್ಲ. ಆದ್ದರಿಂದ ನಾನೀಗ ಹೇಳುವುದನ್ನು ನೀವು ನಂಬದಿದ್ದರೆ ನನಗೇನೂ ಬೇಸರವಿಲ್ಲ.

ಸುಮಾರು ಹದಿನೈದು ವರ್ಷಗಳ ಹಿಂದೆ ದೊಡ್ಡನೆಕ್ಕುಂದಿಯ ಒಂದು ಕಾರ್ಖಾನೆಯಲ್ಲಿ ಸೂಪರ್‌ವೈಸರ್ ಆಗಿದ್ದೆ. ಅಲ್ಲಿ ವರ್ತೂರಿನ ಮುನಿರಾಜು ಎಂಬ ಫಿಟ್ಟರ್ ಇದ್ದರು, ನನಗಿಂತ ಹಿರಿಯರು. ಪ್ರಾರ್ಥನಾ ಸಭೆಯೊಂದನ್ನು ಸೇರಿದ ಮೇಲೆ ಬೈಬಲಿನ ಒಂದಕ್ಷರವೂ ಸುಳ್ಳಲ್ಲ ಎನ್ನುತ್ತಿದ್ದರು, ಪ್ರಸಾದ ಮುಟ್ಟುತ್ತಿರಲಿಲ್ಲ. “ನಂಬದವ್ರಿಗೆ ನರಕಾನೇ ಸಾರ್” ಎಂದು ಕ್ಯಾಂಟೀನಿನಲ್ಲಿ ಮುಖಕ್ಕೇ ಹೇಳಿದ್ದರು. ಆ ಸಿಟ್ಟು ನನ್ನಲ್ಲಿತ್ತು. ಆಯುಧಪೂಜೆಯ ಬೆಳಿಗ್ಗೆ ಅವರನ್ನು ಹಿಡಿದು ಎಲ್ಲರೆದುರು ಹಣೆಗೆ ಕುಂಕುಮ ಬಳಿದುಬಿಟ್ಟೆ. ಎಲ್ಲರೂ ನಕ್ಕರು. ಅವರು ಒರೆಸಿಕೊಂಡು, ಪೂಜೆಗೆ ಮುಂಚೆಯೇ ಮನೆಗೆ ಹೊರಟುಹೋದರು.

ಮಧ್ಯಾಹ್ನ ಬೂದುಗುಂಬಳ ಒಡೆದು ಉಳಿದವರೂ ಹೊರಟರು. ನಾನು ಮೇಲಿನ ಸ್ಟೋರಿಗೆ ಬೀಗ ಹಾಕಿ ಸರಕಿನ ಲಿಫ್ಟಿನಲ್ಲಿ ಇಳಿಯುತ್ತಿದ್ದಾಗ, ಒಳಗೆ ಯಾರೂ ಇಲ್ಲವೆಂದುಕೊಂಡು ಎಲೆಕ್ಟ್ರೀಷಿಯನ್ ಮೈನ್ ಸ್ವಿಚ್ ಆರಿಸಿ ಹೋದ. ಲಿಫ್ಟು ನಡುವೆಯೇ ನಿಂತಿತು. ಕಗ್ಗತ್ತಲೆ. ಫೋನು ಮೇಜಿನ ಮೇಲಿತ್ತು. ಕಾರ್ಖಾನೆ ತೆರೆಯುವುದು ಸೋಮವಾರ, ಅಂದರೆ ಮೂರು ದಿನ. ಹೆಂಡತಿ ದಾವಣಗೆರೆಯ ತವರಿಗೆ ಹೋಗಿದ್ದಳು. ಬ್ರೂಕ್‌ಫೀಲ್ಡಿನ ಮನೆಯಲ್ಲಿ ನನ್ನನ್ನು ಕಾಯುವವರಿರಲಿಲ್ಲ. ಎಷ್ಟು ಕೂಗಿದರೂ ದೂರದ ಗೇಟಿನಲ್ಲಿದ್ದ ಸೆಕ್ಯುರಿಟಿಯವನಿಗೆ ಕೇಳಿಸಲಿಲ್ಲ. ಇಲ್ಲೇ ಸತ್ತುಹೋಗುತ್ತೇನೆ ಎನಿಸಿ ಅತ್ತುಬಿಟ್ಟೆ.

ಎರಡು ತಾಸು ಕಳೆದಿರಬೇಕು. ದೀಪ ಬಂತು, ಲಿಫ್ಟು ಇಳಿಯಿತು. ಬಾಗಿಲ ಬಳಿ ಸೆಕ್ಯುರಿಟಿಯವನ ಜೊತೆ ಮುನಿರಾಜು ನಿಂತಿದ್ದರು.

“ಒಳಗ್ಯಾರೂ ಇಲ್ಲ ಅಂದ್ರೂ ಕೇಳ್ಲಿಲ್ಲ ಸಾರ್, ಒಳಗೆಲ್ಲಾ ನೋಡ್ಬೇಕು, ಮೈನ್ ಹಾಕು ಅಂತ ಹಟ ಹಿಡಿದ್ರು” ಎಂದ ಸೆಕ್ಯುರಿಟಿಯವನು.

ಹೋದ ಜೀವ ಬಂದಂತಾಯಿತು. ಮುನಿರಾಜು ಅವರ ಕೈ ಬಿಡದೆ, “ನಿಮಗೆ ಹೇಗ್ರೀ ಗೊತ್ತಾಯ್ತು?” ಎಂದೆ.

“ಮನೇಲಿ ಪ್ರಾರ್ಥನೆಗೆ ಕೂತಿದ್ದೆ. ಫ್ಯಾಕ್ಟರೀಲಿ ಒಬ್ರು ಕಷ್ಟದಲ್ಲವ್ರೆ, ಓಗು ಅಂದ್ರು ಕರ್ತರು.”

ಬೆಳಿಗ್ಗೆ ಅವರು ಮನೆಗೆ ಹೊರಟಾಗ ನಾನಿನ್ನೂ ಅಂಗಳದಲ್ಲಿ ಕುಂಬಳಕಾಯಿ ಕೊರೆಯುತ್ತಿದ್ದೆ. ಲಿಫ್ಟು ಹತ್ತಿದ್ದನ್ನು ಕಂಡಿರಲು ಸಾಧ್ಯವೇ ಇಲ್ಲ. ಅವರ ನರಕವನ್ನು ನಾನು ಇಂದಿಗೂ ನಂಬುವುದಿಲ್ಲ. ಆದರೆ ಹಬ್ಬದ ದಿನ ಅವರನ್ನು ವರ್ತೂರಿನಿಂದ ಎರಡು ಬಸ್ಸು ಹತ್ತಿಸಿದ್ದು ಯಾರು ಎಂದು ಈಗಲೂ ಯೋಚಿಸುತ್ತಿರುತ್ತೇನೆ.

ಹೊರಗೆ ಬಂದು ನೀರು ಕುಡಿದು ಬೆಳಗಿನದಕ್ಕೆ ಕ್ಷಮೆ ಕೇಳಿದೆ. ನಿಮ್ಮ ಕರ್ತರು ನನ್ನ ಹೆಸರನ್ನೂ ಹೇಳಿದರೇ ಎಂದು ಕೇಳಿದೆ.

“ಇಲ್ಲ ಸಾರ್” ಎಂದರು. “ನೀವು ಅಂತ ಏಳಿದ್ರೆ ನಾನ್ ಬತ್ತಿರ್ಲಿಲ್ಲ. ಅದು ಅವ್ರಿಗೆ ಗೊತ್ತು.”