ಭೂಪಟದ ಟೀಚರ್ ಕೆಲಸ ಕೇಳಿಕೊಂಡು ಹೊರಟಿದ್ದು

ಕಂಕುಳಲ್ಲಿ ಸದಾ ಸುರುಳಿ ಸುತ್ತಿದ ಭೂಪಟ ಇಟ್ಟುಕೊಂಡೇ ತರಗತಿಗೆ ಹೋಗುತ್ತಿದ್ದುದರಿಂದ ಆಕೆ ಎಲ್ಲರಿಗೂ ಭೂಪಟದ ಟೀಚರ್. ಮಕ್ಕಳ ಬಾಯಿಂದ ಆ ಹೆಸರು ಮನೆಗೂ ನಡೆದುಹೋಗಿ, ಗಂಡ ಕೂಡ ತನ್ನ ಫೋನಿನಲ್ಲಿ 'ಭೂಪಟ' ಎಂದೇ ಗುರುತು ಹಾಕಿಕೊಂಡಿದ್ದ. ಯಾವ ನದಿ ಎಲ್ಲಿ ಹುಟ್ಟುತ್ತದೆಂದು ನಿದ್ದೆಯಲ್ಲಿ ಕೇಳಿದರೂ ಹೇಳಬಲ್ಲ ಹೆಂಗಸು. ಆದರೆ ಒಬ್ಬರ ಮುಂದೆ ನಿಂತು ಏನನ್ನಾದರೂ ಕೇಳಬೇಕೆಂದರೆ ಮಾತ್ರ ನಾಲಿಗೆ ಅಂಟಿಕೊಳ್ಳುತ್ತಿತ್ತು. ಪಕ್ಕದ ಮನೆಯಿಂದ ಸಕ್ಕರೆ ತರಲಿಕ್ಕೂ ಗಂಡನೇ ಹೋಗಬೇಕು.

ಇಂಥವರ ಪಾಲಿಗೆ ಆ ವರ್ಷ ಒಂದು ಆದೇಶ ಬಂತು. ಕೊನೆಯ ತರಗತಿಯ ಮಕ್ಕಳು ಒಂದು ವಾರ ಹೊರಗೆ ಕೆಲಸ ಕಲಿಯಬೇಕು, ಜಾಗ ಶಾಲೆಯೇ ಹುಡುಕಬೇಕು. ಊಟದ ಹೊತ್ತಿಗೆ ಸ್ಟಾಫ್‌ರೂಮಿಗೆ ಬಂದ ಹೆಡ್‌ಮಾಸ್ಟರು "ಇದನ್ನ ಯಾರು ನೋಡ್ಕೋತೀರಿ?" ಎಂದರು. ಗಣಿತದ ಮೇಷ್ಟ್ರು ತಟ್ಟನೆ ಚಪ್ಪಲಿಯ ಪಟ್ಟಿ ನೆನಪಾಗಿ ಮೇಜಿನ ಕೆಳಗೆ ಬಗ್ಗಿದರು. ವಿಜ್ಞಾನದವರಿಗೆ ಪ್ರಯೋಗಾಲಯದ ನಲ್ಲಿ ನೆನಪಾಯಿತು. ಭೂಪಟದ ಟೀಚರಿಗೂ ಏನೋ ನೆನಪಾಗುತ್ತಿತ್ತು, ಆದರೆ ಬಾಯಿ ತುಂಬ ಅನ್ನವಿತ್ತು.

"ಮೌನಂ ಸಮ್ಮತಿ ಲಕ್ಷಣಂ. ಟೀಚರ್ ಒಪ್ಪಿದ್ರು," ಎಂದರು ಹೆಡ್‌ಮಾಸ್ಟರು. ಅಗಿದು ನುಂಗಿ "ಅಯ್ಯೋ, ಇಲ್ಲ ಸಾರ್" ಎನ್ನುವಷ್ಟರಲ್ಲಿ ಅವರು ಬಾಗಿಲು ದಾಟಿಯಾಗಿತ್ತು.

ಮೊದಲು ಹೋದದ್ದು ಒಂದು ದೊಡ್ಡ ಹೋಟೆಲಿಗೆ. ಅಂದು ಅಲ್ಲಿ ಕೆಲಸಕ್ಕೆ ಜನ ತೆಗೆದುಕೊಳ್ಳುತ್ತಿದ್ದರು. ಗೇಟಿನವನು ಪೂರ್ತಿ ಕೇಳಿಸಿಕೊಳ್ಳದೆ ಸಾಲಿನಲ್ಲಿ ಕೂರಿಸಿದ. ಬಿಡಿಸಿ ಹೇಳಲು ಸಂಕೋಚವಾಗಿ ಟೀಚರ್ ಕೂತರು. ಸರದಿ ಬಂತು. ಮ್ಯಾನೇಜರು ತಲೆ ಎತ್ತದೆ ಕೇಳಿದರು: "ಅನುಭವ?"

"ಇಪ್ಪತ್ತೆಂಟು ವರ್ಷ."

ಈಗ ತಲೆ ಎತ್ತಿದರು. "ಗಲಾಟೆ ಮಾಡೋ ಗಿರಾಕಿಗಳನ್ನ ಸಂಭಾಳಿಸ್ತೀರಾ?"

"ದಿನಾ ಅದೇ ಕೆಲಸ ಸಾರ್. ನಾನು ನೋಡಿದ್ರೆ ಸಾಕು, ಕೂತ್ಬಿಡ್ತಾರೆ."

ಮ್ಯಾನೇಜರಿಗೆ ಖುಷಿಯೋ ಖುಷಿ. "ಹಾಗಾದ್ರೆ ಸೋಮವಾರದಿಂದ ಬಂದ್ಬಿಡಿ!"

"ನಾನು ಬರಲ್ಲ ಸಾರ್," ಟೀಚರ್ ಹೇಗೋ ಧೈರ್ಯ ತಂದುಕೊಂಡರು, "ನನ್ನ ಮಕ್ಕಳು ಬರ್ತಾರೆ."

"ಮಕ್ಕಳಾ? ಎಷ್ಟು ಜನ?"

"ನಲವತ್ತೆರಡು."

ಮ್ಯಾನೇಜರು ಕುರ್ಚಿಯಿಂದ ಎದ್ದು ನಿಂತರು. ಅದು ಬೆರಗೋ ಗೌರವವೋ ಅವರಿಗೇ ತಿಳಿದಿರಲಿಲ್ಲ. ವಿಷಯ ತಿಳಿದ ಮೇಲೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕು, ಆರು ಮಕ್ಕಳನ್ನು ಕಳಿಸಲು ಹೇಳಿದರು. ಟೀಚರ್ ಹೊರಗೆ ಬಂದಾಗ ಅವರ ನಾಲಿಗೆ ಸಡಿಲವಾಗಿತ್ತು. ಕೇಳಿದರೆ ಯಾರೂ ನುಂಗುವುದಿಲ್ಲ ಎಂಬುದು ಆ ವಯಸ್ಸಿನಲ್ಲಿ ಮನದಟ್ಟಾಯಿತು. ಗ್ಯಾರೇಜು, ದಂತವೈದ್ಯರು, ಪ್ರಿಂಟಿಂಗ್ ಪ್ರೆಸ್ಸು ಎಂದು ಬೀದಿ ಬೀದಿ ಸುತ್ತಿ ಒಬ್ಬೊಬ್ಬರಿಗೂ ಒಂದು ನೆಲೆ ಮಾಡಿದರು.

ಉಳಿದವಳು ಒಬ್ಬಳೇ, ಶಾಲೆಯೆಲ್ಲ 'ಮೈಕು' ಎಂದು ಕರೆಯುತ್ತಿದ್ದವಳು. ಆ ಹುಡುಗಿ 'ಪ್ರೆಸೆಂಟ್' ಎಂದರೆ ಪಕ್ಕದ ತರಗತಿಯಲ್ಲೂ ಹಾಜರಿ ಬೀಳಬೇಕು, ಹಾಗಿತ್ತು ದನಿ. ದಂತವೈದ್ಯರು ಒಂದೇ ಮಾತು ಕೇಳಿ, "ನನ್ನ ಪೇಶೆಂಟುಗಳು ಮೊದ್ಲೇ ಹೆದರಿರ್ತಾರೆ ಮೇಡಂ," ಎಂದು ಕೈಮುಗಿದರು. ಕೊನೆಗೆ ಟೀಚರಿಗೆ ಹೊಳೆದದ್ದು ಕಿವಿ ಮಿಷನ್ನು ಮಾರುವ ಅಂಗಡಿ. ಬರುವವರಿಗೆಲ್ಲ ಕಿವಿ ಮಂದ, ಇವಳಿಗೆ ದನಿ ದೊಡ್ಡದು. ಹೇಳಿ ಮಾಡಿಸಿದ ಜೋಡಿ!

ಎರಡನೇ ದಿನವೇ ಅಂಗಡಿಯ ಯಜಮಾನರ ಫೋನು. "ಹುಡುಗಿ ಒಳ್ಳೇಳು ಮೇಡಂ. ಆದ್ರೆ ದನಿ ಸಾಲ್ದು."

ಟೀಚರ್ ಫೋನನ್ನು ಈ ಕಿವಿಯಿಂದ ಆ ಕಿವಿಗೆ ಬದಲಿಸಿದರು. "ಯಾರ ದನಿ ಸಾರ್?"

"ಮಂಗಳವಾರ ರಜೆ ಇಲ್ಲ ಮೇಡಂ."

ಅನುಮಾನ ಬಂದು ಟೀಚರ್ ಸಂಜೆ ಅಂಗಡಿಗೇ ಹೋದರು. ಗಾಜಿನ ಕಪಾಟಿನಲ್ಲಿ ಕಡಲೆ ಕಾಳಿನಷ್ಟು ಸಣ್ಣ ಮಿಷನ್ನುಗಳು ಮಖಮಲ್ಲಿನ ಮೇಲೆ ಮಲಗಿದ್ದವು. ಮೈಕು ಅವರನ್ನು ಮೂಲೆಗೆ ಕರೆದುಕೊಂಡು ಹೋಗಿ, ಕಿವಿಯ ಹತ್ತಿರ ಬಾಯಿಟ್ಟು, "ಟೀಚರ್, ಸಾರ್‌ಗೇ ಕಿವಿ ಕೇಳ್ಸಲ್ಲ. ಊರಿಗೆಲ್ಲ ಮಾರ್ತಾರೆ, ತಾವು ಮಾತ್ರ ಹಾಕ್ಕೊಳ್ಳಲ್ಲ," ಎಂದು ಗುಟ್ಟಾಗಿ ಹೇಳಿದಳು.

ಮೈಕಿನ ಗುಟ್ಟು ಎದುರಿನ ಔಷಧಿ ಅಂಗಡಿಗೂ ಕೇಳಿಸಿತು. ಕೆಟ್ಟದ್ದೆಂದರೆ, ಅವಳ ತುಟಿಯನ್ನೇ ನೋಡುತ್ತಿದ್ದ ಯಜಮಾನರಿಗೂ ತಿಳಿದುಹೋಯಿತು.

ಮುಗಿಯಿತು ಕಥೆ ಎಂದುಕೊಂಡರು ಟೀಚರ್. ಯಜಮಾನರು ಮೆಲ್ಲಗೆ ಸ್ಟೂಲಿನ ಮೇಲೆ ಕೂತರು. "ಮಾರೋನೇ ಕಿವುಡ ಅಂತ ಗೊತ್ತಾದ್ರೆ ಅಂಗಡಿಗೆ ಯಾರಮ್ಮ ಬರ್ತಾರೆ?" ಎಂದರು. ಅವರ ಮುಖದಲ್ಲಿ ಸಿಟ್ಟಿರಲಿಲ್ಲ. ಸಿಕ್ಕಿಬಿದ್ದವರ ಪೆಚ್ಚುತನವಿತ್ತು.

"ಕನ್ನಡಕದ ಅಂಗಡಿಯವರು ಕನ್ನಡಕ ಹಾಕ್ಕೊಂಡೇ ಕೂತಿರ್ತಾರಲ್ಲ ಸಾರ್," ಎಂದಳು ಮೈಕು. "ಯಾರಾದ್ರೂ ಬೇಡ ಅಂತ ವಾಪಸ್ ಹೋಗ್ತಾರಾ?"

ಯಜಮಾನರು ಎದ್ದು ಕಪಾಟಿನಿಂದ ಒಂದು ಮಿಷನ್ನು ತೆಗೆದು, ಮತ್ತೆ ಸ್ಟೂಲಿನ ಮೇಲೆ ಕೂತು ಕಿವಿಗಿಟ್ಟುಕೊಂಡರು. ಬೀದಿಯ ಸದ್ದೆಲ್ಲ ಒಮ್ಮೆಲೇ ಒಳಗೆ ನುಗ್ಗಿದಂತಾಗಿ ಸುತ್ತ ನೋಡಿದರು.

"ಕೇಳಿಸ್ತಾ ಸಾರ್?" ಎಂದಳು ಮೈಕು.

ಯಜಮಾನರು ಸ್ಟೂಲಿನಿಂದ ಬೀಳುವುದರಲ್ಲಿದ್ದರು. "ಅಯ್ಯೋ ತಾಯಿ, ಮೆಲ್ಲಗೆ! ಕಿವಿ ಹಾರಿಹೋಯ್ತು!"

ಹುಡುಗಿ ಬಾಯಿಗೆ ಕೈ ಅಡ್ಡ ಹಿಡಿದಳು. 'ಮೆಲ್ಲಗೆ ಮಾತಾಡು' ಎಂದು ಒಂಬತ್ತು ವರ್ಷ ಎಲ್ಲರೂ ಗದರಿದ್ದರು, ಟೀಚರೂ ಗದರಿದ್ದರು. ತನ್ನ ದನಿ ಎದುರಿನವರಿಗೆ ಹೇಗೆ ತಾಗುತ್ತದೆ ಎಂದು ಅವಳು ಕಣ್ಣಾರೆ ಕಂಡದ್ದು ಆಗಲೇ. ಉಳಿದ ದಿನಗಳಲ್ಲಿ ಯಜಮಾನರು ಅವಳಿಗೆ ಕಲಿಸಿದರು: ಕಿರುಚಬಾರದು, ಎದುರಿಗೆ ಬಂದು ನಿಲ್ಲಬೇಕು, ತುಟಿ ಕಾಣಬೇಕು, ಮಾತು ಬಿಡಿಬಿಡಿಯಾಗಿರಬೇಕು. ಮುದುಕರು ಮೊಮ್ಮಗಳ ಜೊತೆ ಕೂತಂತೆ ಅವಳ ಜೊತೆ ಕೂತು ಮಿಷನ್ನು ಹಾಕಿಸಿಕೊಳ್ಳತೊಡಗಿದರು. ಶನಿವಾರ ಮನೆಯಲ್ಲಿ ಅವಳು ಮೆಲ್ಲಗೆ "ಅಮ್ಮಾ, ಊಟ," ಎಂದಾಗ ತಾಯಿ ಗಾಬರಿಯಾಗಿ ಹಣೆ ಮುಟ್ಟಿ ಜ್ವರ ನೋಡಿದಳಂತೆ. ಪರೀಕ್ಷೆ ಮುಗಿದ ಮೇಲೆ ಯಜಮಾನರೇ ಅವಳನ್ನು ಸಂಬಳಕ್ಕೆ ಕರೆದುಕೊಂಡರು.

ಅವರ ಹೆಂಡತಿ ಮಾತ್ರ ಶಾಲೆಯ ತನಕ ಬಂದು ಜಗಳ ತೆಗೆದರು. "ನನ್ನ ಪಾಡಿಗೆ ನಾನು ಗೊಣಗ್ಕೊಂಡು ಆರಾಮಾಗಿದ್ದೆ ಟೀಚರ್. ಈಗ ಒಂದೊಂದಕ್ಕೂ ಉತ್ತರ ಕೊಡ್ತಾರೆ ಈ ಮನುಷ್ಯ!"

ಮುಂದಿನ ವರ್ಷದ ಹೊತ್ತಿಗೆ ಊರಿನ ಅಂಗಡಿ ಮಾಲೀಕರೇ "ನಮಗೂ ಇಬ್ಬರನ್ನ ಕೊಡಿ" ಎಂದು ಬರತೊಡಗಿದರು. ಆದರೆ ಟೀಚರ್ ಈಗ ಹಾಗೆ ಸುಮ್ಮನೆ ಕೊಡುವವರಲ್ಲ. ಅವರನ್ನೆಲ್ಲ ತರಗತಿಯ ಬೆಂಚಿನ ಮೇಲೆ ಕೂರಿಸಿ, ಮಕ್ಕಳಿಂದಲೇ ಪ್ರಶ್ನೆ ಕೇಳಿಸಿದರು. ಪ್ರೆಸ್ಸಿನವರನ್ನು ಒಬ್ಬ ಹುಡುಗಿ, "ತಪ್ಪು ಮಾಡಿದ್ರೆ ಬೈತೀರಾ ಸಾರ್?" ಎಂದು ಕೇಳಿದಳು.

"ಯಾವ ಮುಠ್ಠಾಳ ಹೇಳ್ದ ನಿನಗೆ?" ಎಂದು ಗುಡುಗಿದರು ಅವರು.

ಒಂದು ಮಗುವೂ ಅವರನ್ನು ಆರಿಸಲಿಲ್ಲ. ಮುಖ ಸಣ್ಣದು ಮಾಡಿಕೊಂಡು ಬಾಗಿಲ ಬಳಿ ನಿಂತವರ ಹತ್ತಿರ ಹೋಗಿ ಭೂಪಟದ ಟೀಚರ್ ಬೆನ್ನು ತಟ್ಟಿದರು. "ಬೇಜಾರು ಮಾಡ್ಕೋಬೇಡಿ ಸಾರ್. ಚೆನ್ನಾಗಿ ತಯಾರಿ ಮಾಡ್ಕೊಂಡು ಮುಂದಿನ ವರ್ಷ ಬನ್ನಿ."